ಏಳನೆಯ ಮೆಟ್ಟಿಲು

ವಾರಪತ್ರಿಕೆಯ ಸಂಪಾದಕರು ಫೋನ್ ಮಾಡಿ, "ನಿಮ್ಮ ಪಾಲಿಗೆ ಇದು ಬಂಗಾರದ ವರ್ಷ. ಹಿಂತಿರುಗಿ ನೋಡಿ ಒಂದೆರಡು ಪುಟ ಬರೆದುಕೊಡಿ, ಶನಿವಾರದೊಳಗೆ ಬೇಕು" ಎಂದಾಗ ನಾನು ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಹೊಗಳಿದರೆ ಉಬ್ಬುವವರ ಪೈಕಿ ನಾನು. ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, ಅಂಗಡಿಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಬರೆಯಲು ಕುಳಿತೆ.

ನನ್ನದು ಕನ್ನಡಕದ ಅಂಗಡಿ. ಗಾಜು ಉಜ್ಜುವುದು ಹೊಟ್ಟೆಪಾಡು, ಕವಿತೆ ಚಟ. ಇಪ್ಪತ್ತಾರು ವರ್ಷ ಬರೆದರೂ ನಾಯಿಯೂ ಮೂಸಿರಲಿಲ್ಲ. ಈ ವರ್ಷ ಮಾತ್ರ ಏನಾಯಿತೋ. ಫೆಬ್ರವರಿಯಲ್ಲಿ 'ಹತ್ತೊಂಬತ್ತು ಮೆಟ್ಟಿಲು' ಎಂಬ ಕವಿತೆ ವಾರಪತ್ರಿಕೆಯಲ್ಲಿ ಬಂತು. ಏಪ್ರಿಲ್‌ನಲ್ಲಿ ಅದೇ ಹೆಸರಿನ ಪುಸ್ತಕ, ಜೂನ್‌ನಲ್ಲಿ ಬಹುಮಾನ, ಜುಲೈನಲ್ಲಿ ರೇಡಿಯೊ. ಆಗಸ್ಟ್‌ನಲ್ಲಿ ಸಾರಿಗೆಯವರು ಆ ಕವಿತೆಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಊರಿನ ಬಸ್ಸುಗಳಲ್ಲಿ ಚಾಲಕನ ಸೀಟಿನ ಹಿಂದೆ ಅಂಟಿಸಿದರು. ಇಷ್ಟನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆದೆ. ಬೇರೆಯವರ ಕಣ್ಣಿಗೆ ಅದು ಸನ್ಮಾನಗಳ ಪಟ್ಟಿ. ನನ್ನ ಕಣ್ಣಿಗೆ, ನನ್ನ ತಂಗಿಯ ವಿಳಾಸವನ್ನು ನಾನು ಎಷ್ಟು ಜನಕ್ಕೆ ಹಂಚಿದ್ದೇನೆ ಎಂಬ ಪಟ್ಟಿ.

ತಂಗಿ ಗಂಡನನ್ನು ಬಿಟ್ಟು ಓಡಿ ಬಂದು ಎರಡು ವರ್ಷವಾಗಿತ್ತು. ಅವನು ಕೂಗಾಡುವವನಲ್ಲ, ಕುಡಿಯುವವನಲ್ಲ. ತುಂಬಾ ಮೆತ್ತಗೆ ಮಾತನಾಡುತ್ತಾನೆ. ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಅವಳ ಬೆನ್ನ ಮೇಲಿಟ್ಟು ನೋಡಿದ್ದನ್ನೂ ಮೆತ್ತಗೇ ಮಾಡಿದ್ದ. "ಎಲ್ಲಿಗೆ ಹೋದರೂ ಹುಡುಕ್ತೀನಿ. ನನಗೇನೂ ಅವಸರ ಇಲ್ಲ" ಎಂದು ಅವಳ ಕಿವಿಯಲ್ಲಿ ಹೇಳಿದ್ದನಂತೆ. ನಾನೇ ಅವಳನ್ನು ಊರಿನ ಇನ್ನೊಂದು ತುದಿಯಲ್ಲಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕನೊಬ್ಬನ ಅಂಗಡಿಯ ಮೇಲಿನ ಕೋಣೆಯಲ್ಲಿ ಇರಿಸಿದ್ದೆ. ಅಂಗಿಗಳಿಗೆ ಗುಂಡಿ ಹೊಲಿದು ಬದುಕುತ್ತಿದ್ದಳು. ಪ್ರತಿ ಮಂಗಳವಾರ ಮೂರು ಗಂಟೆಗೆ ನನ್ನ ಅಂಗಡಿಗೆ ಫೋನ್ ಮಾಡುತ್ತಿದ್ದಳು. "ನೀನು ಬರಬೇಡ ಅಣ್ಣಾ, ನಿನ್ನ ಹಿಂದೆ ಯಾರಾದರೂ ಬಂದಾರು" ಎನ್ನುವಳು. ಕವಿತೆ ಅಚ್ಚಾದ ಮೇಲೆ ಒಂದೇ ಒಂದು ಸಲ ಹೋಗಿದ್ದೆ. ಆಮೇಲೆ ಸಭೆ, ಶಾಲು, ಹಾರ. ಪುರುಸೊತ್ತೆಲ್ಲಿ.

ಆ ಕೋಣೆಯೇ ನನ್ನ ಕವಿತೆ. ಮರದ ಮೆಟ್ಟಿಲು ಹತ್ತೊಂಬತ್ತು, ಏಳನೆಯದು ಮುರಿದದ್ದು. ಗೊತ್ತಿದ್ದವರು ಅದನ್ನು ದಾಟಿ ಹತ್ತುತ್ತಾರೆ, ಗೊತ್ತಿಲ್ಲದವರು ಸದ್ದು ಮಾಡುತ್ತಾರೆ. ಮುದುಕ ರಿಪೇರಿ ಮಾಡಿಸುತ್ತೇನೆಂದರೂ ತಂಗಿ ಬೇಡವೆಂದಿದ್ದಳು. ಅದು ಅವಳ ಕಾವಲು. ಕೆಳಗಿನಿಂದ ಬರುವ ಅಂಟಿನ ವಾಸನೆ, ನೀಲಿ ಬಾಗಿಲು, ಎದುರಿಗೆ ತಲೆಯ ಮೇಲೆ ಕೆಂಪು ದೀಪ ಹೊತ್ತ ನೀರಿನ ಟ್ಯಾಂಕು, ಎರಡು ಗಂಟೆಗೆ ಕೂಗುವ ನೂಲಿನ ಗಿರಣಿಯ ಸೈರನ್ನು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಅವಳ ಹೆಸರು ಬರೆಯಲಿಲ್ಲ, ಬೀದಿಯ ಹೆಸರು ಬರೆಯಲಿಲ್ಲ. ನಾನೇ ಬಲು ಜಾಣ ಅಂದುಕೊಂಡೆ.

ಹೆಂಡತಿ ಹಸ್ತಪ್ರತಿ ಓದಿದವಳೇ, "ಇದನ್ನ ಅಚ್ಚಿಗೆ ಕೊಡಬೇಡಿ" ಎಂದಿದ್ದಳು.

"ಅಯ್ಯೋ ಬಿಡೇ. ಈ ಊರಲ್ಲಿ ಕವಿತೆ ಓದೋರು ಮುನ್ನೂರು ಜನ. ಅದ್ರಲ್ಲಿ ಇನ್ನೂರ ತೊಂಬತ್ತು ಜನ ಬರೆಯೋರೇ. ಮಿಕ್ಕ ಹತ್ತು ಜನ ಅವರ ಹೆಂಡ್ತೀರು."

"ನಾನು ಹೇಳೋದು ಹೇಳಿದೀನಿ" ಎಂದು ಎದ್ದು ಹೋಗಿದ್ದಳು.

ನಾನು ನಂಬಿಕೊಂಡದ್ದು ಅದನ್ನೇ, ಕವಿತೆಯನ್ನು ಯಾರೂ ಓದುವುದಿಲ್ಲ ಎಂಬುದನ್ನು. ಈ ವರ್ಷ ಪ್ರತಿ ತಿಂಗಳೂ ಆ ನಂಬಿಕೆಯ ಒಂದೊಂದು ಇಟ್ಟಿಗೆ ಉದುರಿತು. ಉದುರಿದಾಗಲೆಲ್ಲ ನಾನು ಹಲ್ಲು ಬಿಟ್ಟು ಫೋಟೋಕ್ಕೆ ನಿಂತೆ. ದಿನಪತ್ರಿಕೆಯವನೊಬ್ಬ ಸಂದರ್ಶನಕ್ಕೆ ಬಂದಾಗಲಂತೂ ತಲೆಗೆ ಕೊಂಬು ಬಂದಿತ್ತು. "ನಾನು ಕಣ್ಣಾರೆ ಕಾಣದ ಒಂದು ಮೊಳೆಯನ್ನೂ ನನ್ನ ಕವಿತೆಯಲ್ಲಿ ಹೊಡೆದಿಲ್ಲ" ಎಂದೆ. ಅದನ್ನೇ ದಪ್ಪಕ್ಷರದಲ್ಲಿ ಹಾಕಿದರು.

ಪಟ್ಟಿಯ ಮುಂದೆ ಹೀಗೆ ಕೂತಿರುವಾಗ ಅಂಗಡಿಯ ಗಾಜಿನ ಬಾಗಿಲು ತೆರೆಯಿತು.

"ಚೆನ್ನಾಗಿದೀರಾ ಭಾವ?"

ತಂಗಿಯ ಗಂಡ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಅಷ್ಟೇ ವ್ಯತ್ಯಾಸ. ಇಸ್ತ್ರಿ ಮಾಡಿದ ಅಂಗಿ. ಕಾಗದವನ್ನು ಮೆಲ್ಲಗೆ ಮಗುಚಿಟ್ಟೆ.

"ನಲವತ್ತು ದಾಟಿತಲ್ಲ, ಹತ್ತಿರದ್ದು ಮಸುಕು. ಓದೋಕೆ ಒಂದು ಕನ್ನಡಕ ಮಾಡ್ಕೊಡಿ" ಎಂದು ಕುರ್ಚಿಯಲ್ಲಿ ಕುಳಿತ. "ಈಗೀಗ ಓದೋ ಚಟ ಹತ್ಕೊಂಡಿದೆ ಭಾವ. ಎಲ್ಲಾ ನಿಮ್ಮಿಂದಾನೇ."

ಹೊರಗೆ ಹೋಗು ಎನ್ನಬೇಕಿತ್ತು. ನನ್ನ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಶುರುಮಾಡಿದವು. ಅವನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿದೆ. ಎರಡು ಕಣ್ಣುಪಾಪೆಗಳ ನಡುವಿನ ಅಳತೆ ಹಿಡಿಯಲು ಅವನ ಮುಖದ ಹತ್ತಿರಕ್ಕೆ ಮುಖ ಒಯ್ಯಬೇಕು. ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಅವನು ರೆಪ್ಪೆ ಮಿಟುಕಿಸಲೇ ಇಲ್ಲ. ಮೊದಲ ಗಾಜು ಸಿಕ್ಕಿಸಿ, ಓದುವ ಚೀಟಿಯನ್ನು ಅವನ ಮುಂದೆ ಹಿಡಿದೆ.

"ಅದು ಬೇಡ. ನಂದೇ ಇದೆ" ಎಂದು ಚೀಲದಿಂದ ಒಂದು ಪುಸ್ತಕ ತೆಗೆದ. ಗಟ್ಟಿ ರಟ್ಟು ಹಾಕಿಸಿದ ಪುಸ್ತಕ. ಒಳಗಿನ ಪುಟ ಕಂಡ ಮೇಲೆ ಗೊತ್ತಾಯಿತು, ನನ್ನದೇ.

"ಮೊದಲು ಬಸ್ಸಲ್ಲಿ ಓದಿದೆ ಭಾವ. ಆಮೇಲೆ ಕೊಂಡ್ಕೊಂಡೆ" ಎಂದು ಮೆಟ್ಟಿಲಿನ ಕವಿತೆಯ ಪುಟ ತೆರೆದ. "ಹೂಂ, ಈಗ ಮಸುಕು."

ಗಾಜು ಬದಲಿಸಿದೆ.

"ಈಗ ಸ್ವಲ್ಪ ವಾಸಿ."

ಇನ್ನೊಂದು ಬದಲಿಸಿದೆ. ಬೇಕೆಂದೇ ತಪ್ಪು ಗಾಜು ಹಾಕಿ ಕಳಿಸಲೇ ಎಂಬ ಯೋಚನೆ ಬಂತು. ಇಪ್ಪತ್ತಾರು ವರ್ಷದ ಕಸುಬು ಬಿಡಲಿಲ್ಲ.

"ಆಹಾ. ಈಗ ಚೆನ್ನಾಗಿ ಕಾಣ್ತಿದೆ. ಹತ್ತೊಂಬತ್ತು ಮೆಟ್ಟಿಲು, ಏಳನೆಯದು ಮುರಿದಿದೆ." ಬೆರಳಿಟ್ಟು ಓದಿದ. ಆಮೇಲೆ ತಲೆಯೆತ್ತಿ, "ಒಂದು ಮಾತು ಕೇಳ್ಲಾ ಭಾವ? ಬೇಜಾರು ಮಾಡ್ಕೋಬಾರದು."

"ಏನು?"

"ಈ ಏಳನೇ ಮೆಟ್ಟಿಲು ನಿಜವಾಗ್ಲೂ ಮುರಿದಿತ್ತಾ? ಇಲ್ಲ, ಕೇಳೋಕೆ ಚೆನ್ನಾಗಿರ್ಲಿ ಅಂತ ಹಾಕಿದ್ದಾ? ನಮ್ಮ ಆಫೀಸಲ್ಲಿ ಒಬ್ರು ಹೇಳ್ತಿದ್ರು, ಕವಿಗಳು ಹೇಳೋದು ಅರ್ಧಕ್ಕರ್ಧ ಬುರುಡೆ ಅಂತ."

ಹೌದು, ಬುರುಡೆ, ಎಂದಿದ್ದರೆ ಮುಗಿಯುತ್ತಿತ್ತು. ಎರಡು ಶಬ್ದ. ಅಷ್ಟು ಭಯದಲ್ಲೂ ನನಗೆ ರೇಗಿತು. ಆ ಒಂದು ಸಾಲಿಗಾಗಿ ನಾನು ಮೂರು ವಾರ ತಲೆ ಕೆರೆದುಕೊಂಡಿದ್ದೆ.

"ಕೇಳೋಕೆ ಚೆನ್ನಾಗಿರ್ಲಿ ಅಂತ ನಾನು ಒಂದಕ್ಷರಾನೂ ಹಾಕೋನಲ್ಲ" ಎಂದುಬಿಟ್ಟೆ.

ಮಾತು ಬಾಯಿ ಬಿಟ್ಟ ಮೇಲೆ ಏನು ಹೇಳಿದೆನೆಂದು ತಿಳಿಯಿತು. ಅವನು ಚೌಕಟ್ಟನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟ.

"ಗೊತ್ತಿತ್ತು ಭಾವ. ಪೇಪರಲ್ಲೂ ಹಾಗೇ ಹೇಳಿದ್ರಿ. ಅದೊಂದನ್ನ ಕೇಳೋಣ ಅಂತಾನೇ ಬಂದೆ." ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡ. "ಕನ್ನಡಕ ಶನಿವಾರಕ್ಕಾದ್ರೆ ಸಾಕು. ನನಗೇನೂ ಅವಸರ ಇಲ್ಲ."

ಅವನು ರಸ್ತೆ ದಾಟುವವರೆಗೂ ನಿಂತೇ ಇದ್ದೆ. ಆಮೇಲೆ ರಟ್ಟಿನ ಮುದುಕನ ಅಂಗಡಿಗೆ ಫೋನ್ ಮಾಡಿದೆ. ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಐದು ಸಲ ಮಾಡಿದೆ. ಕೊನೆಗೆ ಹೆಂಡತಿಗೆ ಮಾಡಿ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

"ನೀವು ಹೋಗಬೇಡಿ. ನಿಮ್ಮ ಹಿಂದೇನೇ ಬರ್ತಾನೆ" ಎಂದಳು.

"ಹೋಗದೆ ಸುಮ್ನಿರ್ಲಾ?"

"ಸರಿ, ಹೋಗಿ" ಎಂದಳು. "ಸುತ್ತು ಬಳಸಿ ಹೋಗಿ."

ಅಂಗಡಿಗೆ ಬೀಗ ಹಾಕಿ ಹೊರಟೆ. ಅಂಚೆ ಕಚೇರಿಯ ಮುಂಬಾಗಿಲಲ್ಲಿ ಹೊಕ್ಕು ಹಿಂಬಾಗಿಲಲ್ಲಿ ಬಂದೆ. ಬೇಡದ ದಿಕ್ಕಿನ ಬಸ್ಸು ಹತ್ತಿ ಎರಡನೆಯ ನಿಲ್ದಾಣದಲ್ಲಿ ಇಳಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟವರೆಲ್ಲ ಅವನಂತೆಯೇ ಕಂಡರು. ಮೂರನೆಯ ಬಸ್ಸಿನಲ್ಲಿ ನೋಡುತ್ತೇನೆ, ಚಾಲಕನ ಹಿಂದೆ ನನ್ನ ಕವಿತೆ. ಅದರ ಕೆಳಗೆ ನಿಂತ ಹೆಂಗಸೊಬ್ಬಳು ತುಟಿಯಾಡಿಸುತ್ತ ಓದುತ್ತಿದ್ದಳು. ಆಗಸ್ಟ್‌ನಲ್ಲಿ ಯಾರಾದರೂ ಓದುತ್ತಾರೇನೋ ಎಂದು ನೋಡುವುದಕ್ಕಾಗಿಯೇ ನಾನು ಕೆಲಸವಿಲ್ಲದೆ ಬಸ್ಸಿನಲ್ಲಿ ಅಲೆದದ್ದುಂಟು. ಈಗ ಆ ಹೆಂಗಸು ಇಳಿದುಹೋಗುವುದನ್ನೇ ಕಾದು, ಕಾಗದದ ಮೂಲೆಗೆ ಉಗುರು ಹಾಕಿ ಕೀಳಲು ನೋಡಿದೆ.

"ಏನ್ರೀ, ಕನ್ನಡಕ ಹಾಕ್ಕೊಂಡು ಈ ಕೆಲಸ ಮಾಡ್ತೀರಾ?" ಕಂಡಕ್ಟರ್ ಗದರಿದ. "ಕೀಳಬೇಡಿ, ಓದಿ. ಚೆನ್ನಾಗಿದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಕೈ ಹಿಂದಕ್ಕೆ ತೆಗೆದುಕೊಂಡು ನಿಂತೆ.

ರಟ್ಟಿನ ಅಂಗಡಿಯೊಳಗೆ ಕಾಗದ ಕತ್ತರಿಸುವ ಯಂತ್ರ ದಡಬಡ ಎನ್ನುತ್ತಿತ್ತು. ಮುದುಕನ ಬೆನ್ನು ಮಾತ್ರ ಕಂಡಿತು. ಅವನನ್ನು ಕರೆಯುವಷ್ಟು ತಾಳ್ಮೆ ನನಗಿರಲಿಲ್ಲ, ಪಕ್ಕದ ಮೆಟ್ಟಿಲು ಹತ್ತಿದೆ. ಆರನೆಯದರ ಮೇಲೆ ನಿಂತು ಏಳನೆಯದನ್ನು ದಾಟಲು ಕಾಲೆತ್ತಿದವನು ಹಾಗೇ ನಿಂತೆ. ಅಲ್ಲಿ ಹೊಸ ಹಲಗೆ ಇತ್ತು. ಉಳಿದ ಮೆಟ್ಟಿಲುಗಳ ಕಪ್ಪುಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಕಾಲಿಟ್ಟರೆ ಸದ್ದೇ ಇಲ್ಲ. ಮೇಲೆ ನೀಲಿ ಬಾಗಿಲು ಹಸಿರಾಗಿತ್ತು, ಅದಕ್ಕೆ ಹೊರಗಿನಿಂದ ಬೀಗ. ತಟ್ಟಿದೆ, ಹೆಸರು ಹಿಡಿದು ಕರೆದೆ. ಕೊನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಕೆಟ್ಟದ್ದು ಆಗಿಹೋಗಿದೆ, ನಾನು ಬಂದು ಎಚ್ಚರಿಸುವ ಮೊದಲೇ ಆಗಿಹೋಗಿದೆ ಎನ್ನಿಸಿತು.

ಯಂತ್ರ ನಿಂತಿತು. ಮುದುಕ ಕೈಯ ಅಂಟನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೆಳಗೆ ಬಂದು ನಿಂತ.

"ಬಂದ್ರಾ ಕವಿಗಳು? ಅಪರೂಪ."

"ಅವಳೆಲ್ಲಿ?"

"ಅವಳು ಹೋಗಿ ನಾಲ್ಕು ತಿಂಗಳಾಯ್ತಲ್ಲ."

"ನಿನ್ನೆ ತಾನೇ ಫೋನ್ ಮಾಡಿದ್ಲು. ನಿಮಗೆ ಕೆಮ್ಮು ಅಂದ್ಲು."

"ಕೆಮ್ಮಿದೆ. ಅದು ಸುಳ್ಳಲ್ಲ" ಎಂದ ಮುದುಕ. "ಹೋಗೋವಾಗ್ಲೂ ಇತ್ತು."

ಅವಳಿಗೆ ಏನೂ ಆಗಿಲ್ಲ ಎಂದು ತಿಳಿದು ಅಳು ಬಂತು. ಮುದುಕ ನನ್ನನ್ನು ಒಳಗೆ ಕರೆದು, ರಟ್ಟಿನ ಕಟ್ಟೊಂದರ ಮೇಲೆ ಕೂರಿಸಿ ನೀರು ಕೊಟ್ಟ.

"ಬಸ್ಸಲ್ಲಿ ಅಂಟಿಸಿದ್ರಲ್ಲ, ಆ ವಾರಾನೇ ಇಳಿದು ಬಂದ್ಲು. ಕೈಯಲ್ಲಿ ನಿಮ್ಮ ಪುಸ್ತಕ. 'ಅಜ್ಜಾ, ಇದ್ರಲ್ಲಿ ಏನೇನಿದೆಯೋ ಎಲ್ಲಾ ಬದಲಾಯಿಸ್ಬೇಕು' ಅಂದ್ಲು. ಇಬ್ರೂ ಕೂತು ಸಾಲು ಸಾಲಾಗಿ ನೋಡಿದ್ವಿ. ಮೆಟ್ಟಿಲಿಗೆ ಹಲಗೆ ಹೊಡೆದೆ. ಬಾಗಿಲಿಗೆ ಬಣ್ಣ ಬಳಿದೆ. ಅಂಟು ಈಗ ಹಿಂದಿನ ಕೋಣೇಲಿ ಕಾಯಿಸ್ತೀನಿ, ವಾಸನೆ ಬೀದಿಗೆ ಬರಲ್ಲ. ಆ ನೀರಿನ ಟ್ಯಾಂಕ್ ಒಂದನ್ನ ಏನೂ ಮಾಡೋಕಾಗ್ಲಿಲ್ಲ, ಅದು ನಗರಸಭೇದು." ಅವನು ನಕ್ಕ, ನಾನು ನಗಲಿಲ್ಲ. "ಇಷ್ಟು ಮಾಡಿ ಅವಳೂ ಹೋದ್ಲು. ಒಳ್ಳೇದೇ ಆಯ್ತು. ಹೋದ ತಿಂಗಳು ಅವನು ಬಂದಿದ್ದ."

"ಯಾರು?"

"ಮೆತ್ತಗೆ ಮಾತಾಡ್ತಾನಲ್ಲ, ಅವನು. ಪುಸ್ತಕಕ್ಕೆ ರಟ್ಟು ಹಾಕ್ಸಬೇಕು ಅಂದ. ನೋಡಿದ್ರೆ ನಿಮ್ದೇ. ನಾನು ಹಾಕ್ತಿರೋವಾಗ ಹೊರಗೆ ಹೋಗಿ ಮೆಟ್ಟಿಲು ಎಣಿಸ್ದ. ಏಳನೇದ್ರ ಮೇಲೆ ಎರಡು ಸಲ ಕಾಲು ಒತ್ತಿ ನೋಡ್ದ. 'ಇದಲ್ಲ ಅನ್ಸುತ್ತೆ' ಅಂತ ತನಗೆ ತಾನೇ ಅಂದ್ಕೊಂಡು, ದುಡ್ಡು ಕೊಟ್ಟು ಹೋದ."

ಲೋಟ ಕೆಳಗಿಟ್ಟೆ. ಅವನು ನನ್ನನ್ನು ಕೇಳಿದ್ದು ಏಕೆಂದು ಆಗ ಅರ್ಥವಾಯಿತು. ಊರೆಲ್ಲ ಅಲೆದು ಇದೊಂದು ಮನೆ ಹುಡುಕಿದ್ದ. ಟ್ಯಾಂಕು, ಸೈರನ್ನು, ಮೆಟ್ಟಿಲ ಲೆಕ್ಕ ಹೊಂದಿದ್ದವು; ಬಾಗಿಲಿಗೆ ಬೇರೆ ಬಣ್ಣ ಬಳಿದಿರಬಹುದು ಅಂದುಕೊಂಡರೂ ಏಳನೆಯ ಮೆಟ್ಟಿಲು ಹೊಂದಿರಲಿಲ್ಲ. ಕವಿ ಸುಳ್ಳು ಹೇಳಿದ್ದರೆ ಬೇರೆ ಮನೆ ಹುಡುಕಬೇಕು, ನಿಜ ಹೇಳಿದ್ದರೆ ಮೆಟ್ಟಿಲನ್ನು ಯಾರೋ ರಿಪೇರಿ ಮಾಡಿಸಿದ್ದಾರೆ. ತಂಗಿ ಮತ್ತು ಈ ಮುದುಕ ಸೇರಿ ಅಷ್ಟು ಜತನದಿಂದ ಮುಚ್ಚಿದ್ದನ್ನು ನಾನು ಒಂದು ಮಾತಿನಲ್ಲಿ ಬಯಲು ಮಾಡಿ ಕೂತಿದ್ದೆ.

ಹೇಳದೆ ಇರಲಾಗಲಿಲ್ಲ, ಹೇಳಿದೆ. ಮುದುಕ ಬಟ್ಟೆಯನ್ನು ಮಡಚಿ ಮಡಚಿ ಚಿಕ್ಕದು ಮಾಡಿದ.

"ಹಾಗಾದ್ರೆ ಮತ್ತೆ ಬರ್ತಾನೆ."

"ನಿಮಗೆ ಏನಾದ್ರೂ ಮಾಡಿದ್ರೆ?"

"ನನಗೇನು ಮಾಡ್ತಾನೆ? ಅವಳೆಲ್ಲಿದ್ದಾಳೆ ಅಂತ ನನಗೇ ಗೊತ್ತಿಲ್ಲ. ಕೇಳ್ದೆ, ಹೇಳ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?" ಎಂದೆ. ಕೇಳಬಾರದಿತ್ತು.

ಮುದುಕ ನನ್ನ ಮುಖ ನೋಡದೆ ಹೇಳಿದ. "'ಅಣ್ಣನಿಗೆ ಮಾತ್ರ ತಿಳೀಬಾರದು' ಅಂದ್ಲು. 'ನನ್ನ ಅಣ್ಣ ತುಂಬಾ ಒಳ್ಳೆಯವನು ಅಜ್ಜಾ. ಆದ್ರೆ ಕಂಡಿದ್ದನ್ನ ಬರೀದೆ ಇರೋಕೆ ಅವನ ಕೈಲಿ ಆಗಲ್ಲ' ಅಂದ್ಲು."

ಶನಿವಾರ ಕನ್ನಡಕ ಸಿದ್ಧವಾಗಿತ್ತು, ಅವನು ಬರಲಿಲ್ಲ. ಬಂದಿದ್ದರೆ ಹೆದರುತ್ತಿದ್ದೆ, ಬಾರದ್ದಕ್ಕೆ ಇನ್ನೂ ಹೆದರಿದೆ. ಸಂಪಾದಕರು ಫೋನ್ ಮಾಡಿದರು. ನನ್ನ ಕೈಲಿ ಆಗುವುದಿಲ್ಲ ಎಂದೆ. ದೊಡ್ಡವರಾಗಿಬಿಟ್ಟಿರಿ ಎಂದು ಚುಚ್ಚಿ ಫೋನಿಟ್ಟರು. ಸೋಮವಾರ ರಟ್ಟಿನ ಮುದುಕನಿಂದ ಫೋನ್. ತಂಗಿಯ ಗಂಡ ಬಂದಿದ್ದನಂತೆ. ಹೊಸ ಹಲಗೆಯ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದನಂತೆ. ಎರಡು ಗಂಟೆ ಅಂಗಡಿಯಲ್ಲಿ ಕೂತು, ಅವಳ ಸಾಮಾನನ್ನು ಯಾವ ಗಾಡಿಯಲ್ಲಿ ಸಾಗಿಸಿದರು, ಗಾಡಿಯವನ ಮನೆ ಎಲ್ಲಿ ಎಂದು ಮೆತ್ತಗೆ ಕೇಳಿದನಂತೆ. "ನಾನು ಬಾಯಿ ಬಿಡ್ಲಿಲ್ಲ. ಆದ್ರೆ ಎದುರು ಅಂಗಡಿಯೋರು ಬಿಟ್ರೋ ಏನೋ" ಎಂದ ಮುದುಕ.

ಮಂಗಳವಾರ ಬೆಳಗಿನಿಂದ ಫೋನಿನ ಪಕ್ಕದಲ್ಲೇ ಕೂತಿದ್ದೆ. ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ. ಮೂರು ಹೊಡೆಯಿತು. ಮೂರೂ ಐದಾಯಿತು. ಹತ್ತಾಯಿತು. ಮೂರೂಕಾಲಿಗೆ ಗಂಟೆ ಬಾರಿಸಿತು.

"ಅಣ್ಣಾ."

"ಬದುಕಿದೀಯಾ?" ಎಂದೆ.

"ಇದೇನು ಹೀಗೆ ಕೇಳ್ತೀಯಾ?"

"ನಾನು ಅಜ್ಜನ ಹತ್ರ ಹೋಗಿದ್ದೆ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಗಾಡಿಯವನ ವಿಷಯವನ್ನೂ ಹೇಳಿದೆ, ಹುಷಾರಾಗಿರು ಎಂದೆ. ಎಲ್ಲ ಕೇಳಿಸಿಕೊಂಡು ಅವಳು, "ಕೇಳೋಕೆ ಚೆನ್ನಾಗಿರ್ಲಿ ಅಂತ ಹಾಕಿದ್ದು ಅಂತ ಅನ್ನೋದು ಅಷ್ಟು ಕಷ್ಟ ಆಯ್ತಾ ಅಣ್ಣಾ?" ಎಂದಳು.

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಕೇಳಿದಳು, ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೆ.

"ಹೋಗ್ಲಿ ಬಿಡು" ಎಂದಳು. "ಗಾಡಿಯವನು ನನ್ನನ್ನ ಅರ್ಧ ದಾರಿಯಲ್ಲೇ ಇಳಿಸಿದ್ದು, ಅವನಿಗೂ ಪೂರಾ ಗೊತ್ತಿಲ್ಲ. ಆದ್ರೆ ನನಗೆ ಹೆದರಿಕೆ ಆಗುತ್ತೆ ಅಣ್ಣಾ. ಮನೆಗೆ ಬಂದು ಬಾಗಿಲು ಹಾಕ್ಕೊಂಡ್ರೆ, ನಾನಿಲ್ಲಿದೀನಿ ಅಂತ ಈ ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲ ಅನ್ಸುತ್ತೆ. ಒಬ್ಬರಿಗಾದ್ರೂ ಗೊತ್ತಿರ್ಬೇಕಲ್ಲ? ನಿನಗೆ ಹೇಳಿಬಿಡ್ತೀನಿ. ಅವತ್ತು ಹೇಳದೆ ಹೋಗಿದ್ದು ನನ್ನದೂ ತಪ್ಪು."

ಅವಳ ಮಾತಿನ ಹಿಂದೆ ಎಲ್ಲೋ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರು. ಅದಕ್ಕಿಂತ ಹತ್ತಿರದಲ್ಲಿ ತಗಡಿನ ಮೇಲೆ ಸುತ್ತಿಗೆ ಬೀಳುತ್ತಿತ್ತು. ನಾಲ್ಕು ಏಟು, ಬಿಡುವು, ಮತ್ತೆ ನಾಲ್ಕು ಏಟು. ಶಾಲೆಯ ಪಕ್ಕದಲ್ಲಿ ತಗಡಿನ ಕೆಲಸದವರಿರುವ ಬೀದಿ ಈ ಊರಿನಲ್ಲಿ ಎಷ್ಟಿದ್ದಾವು ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು.

ಕಣ್ಣು ಮೇಜಿನ ಕಡೆ ಹೋಯಿತು. ನನ್ನ ಬಲಗೈಯಲ್ಲಿ ಪೆನ್ನಿತ್ತು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ಚೀಟಿಯ ಅಂಚಿನಲ್ಲಿ ನನ್ನದೇ ಅಕ್ಷರ: 'ತಗಡಿಗೆ ನಾಲ್ಕು ಏಟು, ಮಗ್ಗಿ ತಪ್ಪಿದ ಮಗುವಿಗೆ ಒಂದು'. ಒಳ್ಳೆಯ ಸಾಲು. ಅದು ಒಳ್ಳೆಯ ಸಾಲು ಎಂದು ಕಂಡಾಗ ನನಗೆ ನನ್ನ ಬಗ್ಗೆಯೇ ಹುಟ್ಟಿದಷ್ಟು ಭಯ, ತಂಗಿಯ ಗಂಡನನ್ನು ಕಂಡಾಗಲೂ ಹುಟ್ಟಿರಲಿಲ್ಲ.

"ಅಣ್ಣಾ, ಕೇಳಿಸ್ತಿದ್ಯಾ? ಬರ್ಕೋ. ಗಿರಣಿ ದಾಟಿದ್ಮೇಲೆ..."

"ಹೇಳಬೇಡ."

"ಯಾಕೆ?"

"ಹೇಳಬೇಡ ಕಣೇ. ಇನ್ಮೇಲೆ ಫೋನೂ ಮಾಡಬೇಡ. ಅಲ್ಲಿರೋದೆಲ್ಲ ನನಗೆ ಕೇಳಿಸ್ತಿದೆ. ನನ್ನ ಕೈ ನಿಲ್ತಾ ಇಲ್ಲ."

ಸುತ್ತಿಗೆ ನಾಲ್ಕು ಸಲ ಬಡಿಯಿತು. ಅವಳು ಅಳುತ್ತಿದ್ದಳೋ ಏನೋ, ತಿಳಿಯಲಿಲ್ಲ.

"ಸರಿ ಅಣ್ಣಾ" ಎಂದಳು. "ಹೊತ್ತಿಗೆ ಸರಿಯಾಗಿ ಊಟ ಮಾಡು." ಫೋನಿಟ್ಟಳು.

ಇನ್ನು ಯಾವ ಮಂಗಳವಾರವೂ ಅವಳು ಇದ್ದಾಳೋ ಇಲ್ಲವೋ ಎಂದು ನನಗೆ ತಿಳಿಯುವ ದಾರಿ ಇರಲಿಲ್ಲ. ಚೀಟಿಯನ್ನು ಚೂರು ಚೂರು ಹರಿದು, ಗಾಜು ಉಜ್ಜುವ ಕಲ್ಲಿನ ತೊಟ್ಟಿಯ ನೀರಿಗೆ ಹಾಕಿ, ಶಾಯಿ ಬಿಟ್ಟುಕೊಂಡು ಹೋಗುವವರೆಗೂ ಕಲಕಿದೆ. ಆ ಸಾಲು ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು.